ಶಾಂಘೈಯಲ್ಲಿ ಮೂರನೆಯ ದಿನ, ಹತ್ತೂವರೆ ಗಂಟೆ

ಹಿಂದೂಪುರದ ನಮ್ಮ ರೇಷ್ಮೆ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಸೂಪರ್‌ವೈಜರ್ ಆಗಿದ್ದವರೊಬ್ಬರು ಕಳೆದ ತಿಂಗಳು ಕಲ್ಯಾಣದುರ್ಗದಲ್ಲಿ ತೀರಿಕೊಂಡರು. ಸಂಘದವರು ಅವರ ಹೆಸರಿನಲ್ಲಿ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದರಲ್ಲಿ ತೆಲುಗಿನ ಪುಟಗಳ ನಡುವೆ ಕನ್ನಡದ ಒಂದು ಪುಟ ಇರಲೆಂದು, ವಿಶ್ವವಿದ್ಯಾಲಯದಲ್ಲಿ ಓದಿ ಊರಿಗೆ ಮರಳಿದ ನನ್ನನ್ನು ಕೇಳಿದರು. "ನಾಲಕ್ಕು ಒಳ್ಳೆ ಮಾತು ಬರ್ದುಕೊಡಮ್ಮ. ಶಾಂಘೈ ವಿಷ್ಯ ಮರೀಬ್ಯಾಡ, ಅದು ಬರ್ಲೇಬೇಕು" ಎಂದರು ಅಧ್ಯಕ್ಷರು. ಅವರ ಮಾತನ್ನು ನಾನು ನಡೆಸಿಕೊಡುತ್ತಿದ್ದೇನೆ. ಶಾಂಘೈ ವಿಷಯವನ್ನು ಮರೆತಿಲ್ಲ.

ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ಕರುಣೆಯಿಂದಲ್ಲ. ಹೆಸರೊಂದು ಸಿಕ್ಕರೆ ಓದುವವರು ಇದು ಆ ಒಬ್ಬನ ಕಥೆ ಎಂದು ನಿರಾಳವಾಗಿ ಪುಟ ತಿರುಗಿಸುತ್ತಾರೆ.

ಎತ್ತರದ ಆಳು, ಇಸ್ತ್ರಿ ಕೆಡದ ಬಿಳಿ ಅಂಗಿ, ಜೇಬಿನಲ್ಲಿ ಅತ್ತರು ಹಚ್ಚಿದ ಕರವಸ್ತ್ರ. ಆ ಕರವಸ್ತ್ರವನ್ನು ಮೂಗಿಗೆ ಹಿಡಿಯದೆ ಅವರು ಬಿಚ್ಚಾಣಿಕೆ ಶೆಡ್ಡಿನ ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ. ಆ ಶೆಡ್ಡನ್ನು ಅರಿಯದವರಿಗೆ ಒಂದು ಮಾತು ಹೇಳಬೇಕು. ರೇಷ್ಮೆಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದಾಗ ಒಳಗಿನ ಹುಳವೂ ಬೇಯುತ್ತದೆ. ಆ ವಾಸನೆ ಸೀರೆಗೆ, ಕೂದಲಿಗೆ, ಕೊನೆಗೆ ಉಣ್ಣುವ ಮುದ್ದೆಗೂ ಅಂಟಿಕೊಳ್ಳುತ್ತದೆ. ಬೆಂದ ಗೂಡಿನಿಂದ ನೂಲು ಬಿಚ್ಚಬೇಕಾದರೆ ಮೊದಲು ಎಳೆಯ ತುದಿ ಸಿಗಬೇಕು. ಅದನ್ನು ಹುಡುಕುವುದು ಹೆಂಗಸರ ಬೆರಳು. ಹುಡುಕುವುದು ಅದೇ ಬಿಸಿನೀರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ. ಬೆರಳ ತುದಿ ಮೊದಲು ಬೆಳ್ಳಗೆ ಊದುತ್ತದೆ, ಆಮೇಲೆ ಸೀಳುತ್ತದೆ, ಆಮೇಲೆ ಏನೂ ತಿಳಿಯದಂತಾಗುತ್ತದೆ. ಏನೂ ತಿಳಿಯದ ಬೆರಳಿಗೆ ಶೆಡ್ಡಿನಲ್ಲಿ 'ಪಳಗಿದ ಕೈ' ಎಂದು ಹೆಸರು.

ನನ್ನನ್ನು ಸಾಕಿದ ದೊಡ್ಡಮ್ಮ ಲಕ್ಷ್ಮಕ್ಕನದು ಆ ಶೆಡ್ಡಿನಲ್ಲಿ ಎಲ್ಲಕ್ಕಿಂತ ಪಳಗಿದ ಕೈ.

ಸೂಪರ್‌ವೈಜರರಿಗೆ ಒಂದು ಶಿಸ್ತಿತ್ತು. ಬಿಚ್ಚಿದ ನೂಲನ್ನು ಸುತ್ತಿ ಲಡಿ ಮಾಡಿದ ಕೂಡಲೇ ಅದಕ್ಕೊಂದು ಚೀಟಿ ಕಟ್ಟಬೇಕು. ಚೀಟಿಯಲ್ಲಿ ತಾರೀಖು, ಗಂಟೆ, ಬಿಚ್ಚಿದವಳ ನಂಬರು. "ಈ ಮೂರು ಇಲ್ದಿದ್ರೆ ಅದು ನೂಲೇ ಅಲ್ಲ, ಬರೀ ಕೂದ್ಲು" ಎನ್ನುತ್ತಿದ್ದರು. ಮುತ್ತಿನಂಥ ಅಕ್ಷರ ಅವರದು. ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ಒಂದೇ ಅಂದ. ಚೀಟಿಯಲ್ಲಿ ಅರ್ಧ ಗಂಟೆ ತಪ್ಪಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಶಾಲೆ ಬಿಟ್ಟು ದೊಡ್ಡಮ್ಮನನ್ನು ಹುಡುಕಿಕೊಂಡು ಹೋಗುತ್ತಿದ್ದ ನನಗೆ ತಾರೀಖು ಬರೆಯಲು ಕಲಿಸಿದವರೂ ಅವರೇ. ಆ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಎಲ್ಲಿ ಬಳಸಿದೆನೆಂದು ಮುಂದೆ ಹೇಳುತ್ತೇನೆ.

ಅವರು ಯಾರ ಮೇಲೂ ಕೈ ಎತ್ತಿದವರಲ್ಲ, ಕೂಗಾಡಿದವರೂ ಅಲ್ಲ. ಯಾರ ನೂಲಾದರೂ ಪದೇಪದೇ ತುಂಡಾದರೆ, ಗೋಜಲಾದ ಆ ಎಳೆಗಳನ್ನೆಲ್ಲ ಒಟ್ಟು ಮಾಡಿ, ಒದ್ದೆಯಾಗಿರುವಾಗಲೇ ಅವಳ ಕೊರಳಿಗೆ ಹಾರದಂತೆ ಹಾಕುತ್ತಿದ್ದರು. "ಸನ್ಮಾನ ಕಣಮ್ಮ. ಚಪ್ಪಾಳೆ ಹೊಡೀರಿ ಎಲ್ರೂ" ಎನ್ನುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಸಂಜೆಯವರೆಗೆ ಆ ಹಾರ ತೆಗೆಯುವಂತಿಲ್ಲ. ನಾರುವ ನೂಲು ಕೊರಳಲ್ಲೇ ಒಣಗಿ ಬಿಗಿಯಾಗುತ್ತಿತ್ತು. ಹಾರ ಹಾಕಿಸಿಕೊಂಡವಳೂ ನಗುತ್ತಿದ್ದಳು. ನಗದಿದ್ದರೆ ಮರುದಿನವೂ ಹಾರ. ಸ್ಮರಣ ಸಂಚಿಕೆಯ ಕರಡಿನಲ್ಲಿ ಒಬ್ಬರು ಬರೆದಿದ್ದಾರೆ: 'ಹಾಸ್ಯಪ್ರಜ್ಞೆಯಿಂದಲೇ ತಿದ್ದುತ್ತಿದ್ದರು.' ಆ ವಾಕ್ಯ ಬರೆದವರ ಕೊರಳಿಗೆ ಒಂದು ದಿನ ಆ ಹಾರ ಬಿದ್ದಿರಬೇಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಬೆರಳಿಗೆ ಬದಲಾಗಿ ತಿರುಗುವ ಕುಂಚವೇ ಬಿಸಿನೀರಿನಲ್ಲಿ ಎಳೆಯ ತುದಿ ಹಿಡಿಯುವ ಯಂತ್ರವೊಂದಿದೆ ಎಂಬ ಸುದ್ದಿ ಬಂತು. ಶೆಡ್ಡಿಗೆ ಅದನ್ನು ತರಿಸಬೇಕೆಂದು ಹೆಂಗಸರು ಸಂಘಕ್ಕೆ ಅರ್ಜಿ ಕೊಟ್ಟರು. ಅದೇ ಸುಮಾರಿಗೆ ನಾಲ್ಕಾರು ಊರಿನ ರೇಷ್ಮೆಯವರನ್ನು ಒಟ್ಟುಗೂಡಿಸಿ ಐದು ದಿನಕ್ಕೆ ಶಾಂಘೈಗೆ ಕಳಿಸುವ ಏರ್ಪಾಡಾಯಿತು. ನಮ್ಮಲ್ಲಿ ಇಂಗ್ಲಿಷು ಬಲ್ಲವರು ಸೂಪರ್‌ವೈಜರು. ಅವರು ಹೋಗಿ, ಅಲ್ಲಿಯ ಗಿರಣಿ ನೋಡಿ ವರದಿ ಕೊಡಲಿ, ಯಂತ್ರದ ಮಾತು ಆಮೇಲೆ ಎಂದು ಸಂಘ ತೀರ್ಮಾನಿಸಿತು. ನೂರಾರು ಕೈಗಳ ಹಣೆಬರಹ ಒಬ್ಬ ಮನುಷ್ಯನ ಎರಡು ಕಣ್ಣಿಗೆ ಬಂದು ನಿಂತಿತು.

ಹೊರಡುವ ಮುಂಚಿನ ದಿನ ಬೆಳಗಿನ ಟೀ ಹೊತ್ತಿನಲ್ಲಿ ಅವರೇ ಶೆಡ್ಡಿಗೆ ಬಂದು ಹೇಳಿದರು.

"ಶಾಂಘೈಗೆ ಹೋಯ್ತಾ ಇದೀನಿ ಕಣ್ರಮ್ಮ. ವಿಮಾನ್ದಾಗೆ."

"ಮದ್ರಾಸಿಗಿಂತ ದೊಡ್ಡ ಊರಾ ಸಾರ್?"

"ಮದ್ರಾಸು ಅದ್ರ ಮುಂದೆ ನಮ್ಮ ಸೋಮಂದೇಪಲ್ಲಿ."

"ಅಲ್ಲಿ ಹಾವು ತಿಂತಾರಂತೆ. ನೀವೇನು ತಿಂತೀರಿ ಸಾರ್?"

"ಎರಡು ಡಬ್ಬ ಕಡ್ಲೆಬೀಜದ ಚಟ್ನಿಪುಡಿ ಕಟ್ಟವ್ಳೆ ನಮ್ಮ ಮಗ್ಳು. ಹಾವಿಗೂ ಒಂಚೂರು ಹಾಕ್ತೀನಿ ಬಿಡು."

ನಗು ಇಳಿದ ಮೇಲೆ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. "ಸಾರ್, ನಮ್ಗೇನೂ ತರಬ್ಯಾಡಿ. ಅಲ್ಲೂ ನಮ್ಮಂಗೆ ಹೆಂಗಸ್ರು ನೂಲು ಬಿಚ್ತಾರಲ್ಲ, ಅವ್ರ ಕೈ ನೋಡ್ಕೊಂಡು ಬನ್ನಿ. ಬರಿಗೈ ಹಾಕ್ತಾರೋ, ಇಲ್ಲ ಏನಾನ ಹಿಡ್ಕಂತಾರೋ. ಒಂದು ಫೋಟೋ ತಗಂಬನ್ನಿ. ಮುಖ ಬ್ಯಾಡ, ಕೈ ಸಾಕು."

"ಆಯ್ತು ಲಕ್ಷ್ಮಕ್ಕ. ನಿಂಗೋಸ್ಕರ ಒಂದು ಫೋಟೋ, ಖಂಡಿತ" ಎಂದರು ಅವರು.

ಮರಳಿ ಬಂದದ್ದು ಆಲ್ಬಮ್ಮಿನ ಜೊತೆ. ಮೂವತ್ತಾರು ಚಿತ್ರ. ವಾರವೆಲ್ಲ ಟೀ ಹೊತ್ತು ಶಾಂಘೈಗೆ ಮೀಸಲಾಯಿತು. ಅವರು ಮಾತುಗಾರರು, ಅದರಲ್ಲಿ ಸಂಶಯವಿಲ್ಲ. ಶೆಡ್ಡಿನ ಹೊಗೆಯ ನಡುವೆ ಒಂದು ನಗರವನ್ನೇ ಎಬ್ಬಿಸಿ ನಿಲ್ಲಿಸಿದರು. "ನದಿ ದಂಡೆ ಉದ್ದಕ್ಕೂ ಹಳೇ ಕಾಲದ ಬಿಳಿಯೋರು ಕಟ್ಟಿದ ಕಲ್ಲು ಮಾಳಿಗೆ ಕಣಮ್ಮ, ಒಂದೊಂದೂ ಪೆನುಕೊಂಡದ ಬೆಟ್ಟ. ಆಚೆ ದಂಡೇಲಿ ಎಲ್ಲಾ ಹೊಸಾದು. ಎಲ್ ನೋಡುದ್ರೂ ಕ್ರೇನು. ನಡುವೆ ಟೀವಿ ಗೋಪುರ, ಕಂಬಕ್ಕೆ ದೊಡ್ಡ ದೊಡ್ಡ ಗುಂಡು ಪೋಣ್ಸಿದಂಗೆ. ಲಿಫ್ಟು ಹತ್ತುದ್ರೆ ಕಿವಿ ಗುಂಯ್ ಅಂತೈತೆ. ಮೇಲಿಂದ ನೋಡುದ್ರೆ ಹಡಗೆಲ್ಲಾ ಕಾಗದದ ದೋಣಿ!" ನೆಲದೊಳಗೆ ಓಡುವ ರೈಲು, ಬಣ್ಣದ ದೀಪಗಳ ಬೀದಿ, ದೀಪ ಹಸಿರಾದೊಡನೆ ಕಟ್ಟೆಯೊಡೆದ ನೀರಿನಂತೆ ನುಗ್ಗುವ ಸಾವಿರ ಸೈಕಲ್ಲು. ಬೆಳಿಗ್ಗೆ ಪಾರ್ಕಿನಲ್ಲಿ ಮುದುಕರು ಮುದುಕಿಯರು ಮೆಲ್ಲಗೆ ಕೈ ತೇಲಿಸುತ್ತ ಮಾಡುವ ಕಸರತ್ತನ್ನು ಬಿಸಿನೀರಿನ ಬೇಸಿನ್ನುಗಳ ನಡುವೆ ನಿಂತು ಮಾಡಿ ತೋರಿಸಿದರು.

"ಏನ್ಸಾರ್, ಗಾಳೀಲಿ ಗೂಡು ಬಿಚ್ತಾ ಇದೀರಾ?" ಎಂದಳು ಒಬ್ಬಳು.

"ನಗ್ತೀಯಾ? ಇನ್ನೊಂದು ಕೇಳು. ನಾವು ಮೂಗು ಮುಚ್ಚೋ ಈ ಹುಳನ ಅಲ್ಲಿ ಹುರ್ದು ಮಾರ್ತಾರೆ. ಕಡ್ಡೀಗೆ ಚುಚ್ಚಿ!"

"ಹಂಗಾದ್ರೆ ನಾವು ದಿನಾ ಹಬ್ಬದ ಅಡ್ಗೇನೇ ಮಾಡ್ತಾ ಇದೀವಿ ಬಿಡಿ."

ಆಲ್ಬಮ್ಮು ಕೈಯಿಂದ ಕೈಗೆ ಹೋಯಿತು. ಒದ್ದೆ ಕೈಯಲ್ಲಿ ಮುಟ್ಟಬೇಡಿರೆಂದು ಅವರು ಪ್ರತಿ ಪುಟಕ್ಕೂ ಎಚ್ಚರಿಸಿದರು. ಗೋಪುರದ ಮೇಲೆ ಅವರು, ನದಿ ದಂಡೆಯಲ್ಲಿ ಅವರು, ಕಲ್ಲಿನ ಸಿಂಹದ ಪಕ್ಕ ಅವರು. ಕೊನೆಯ ಪುಟ ಮುಗಿದಾಗ ದೊಡ್ಡಮ್ಮ ಕೇಳಿದಳು:

"ಕೈ ಫೋಟೋ ಸಾರ್?"

"ರೋಲು ಆಗೋಯ್ತು ಕಣಮ್ಮ. ಮೂವತ್ತಾರೇ ಬರೋದು ಅದ್ರಾಗೆ."

"ಹೋಗ್ಲಿ. ನೋಡುದ್ರಾ?"

ಅವರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು. "ನೋಡ್ದೆ. ಬರಿಗೈನೇ ಹಾಕ್ತಾರೆ. ನಗ್ತಾ ಹಾಕ್ತಾರೆ."

ವರದಿಯಲ್ಲೂ ಅದೇ ಇತ್ತು, ಸಭ್ಯ ಭಾಷೆಯಲ್ಲಿ. ಯಂತ್ರದ ಅರ್ಜಿಯ ಮೇಲೆ 'ಅಗತ್ಯ ಕಂಡುಬರುವುದಿಲ್ಲ' ಎಂಬ ಷರಾ ಬಿತ್ತು. ಅಲ್ಲಿಂದ ಮುಂದೆ ಶಾಂಘೈ ನಮ್ಮ ಶೆಡ್ಡಿಗೆ ಚಾಟಿಯಾಯಿತು. ಬೆರಳಿಗೆ ಉಫ್ ಎಂದು ಊದಿಕೊಂಡವಳಿಗೆ, ಗಾಯಕ್ಕೆ ಬಟ್ಟೆ ಸುತ್ತಿಕೊಂಡವಳಿಗೆ, ನೀರು ಸ್ವಲ್ಪ ಆರಲೆಂದು ಕಾದವಳಿಗೆ ಒಂದೇ ಉತ್ತರ: "ಶಾಂಘೈನೋರು ನಗ್ತಾರೆ ಕಣಮ್ಮ."

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ದೊಡ್ಡಮ್ಮ. ಅವಳಿಗೆ ನೋವಾಗುತ್ತಿರಲಿಲ್ಲವೆಂದಲ್ಲ. ಬೆರಳು ಪಳಗಿದರೂ ಮೊಣಕೈವರೆಗೆ ರಾತ್ರಿಯಿಡೀ ಸೆಳೆಯುತ್ತಿತ್ತು. ಆದರೆ ಲೋಕದ ಆಚೆ ತುದಿಯಲ್ಲಿ ತನ್ನಂಥವರು ಇದೇ ಕೆಲಸವನ್ನು ನಗುನಗುತ್ತ ಮಾಡುತ್ತಾರೆಂದು ಕೇಳಿದ ಮೇಲೆ, ತನ್ನ ನೋವು ತನ್ನದೇ ಕೊರತೆಯೆಂದು ಅವಳಿಗೆ ಅನ್ನಿಸಿತು. ಕೊರತೆಯನ್ನು ಮುಚ್ಚಿಕೊಳ್ಳಲು ಮನುಷ್ಯರು ಏನೇನು ಮಾಡುತ್ತಾರೋ ಅದನ್ನೆಲ್ಲ ಮಾಡಿದಳು. ಕಿರಿಯರಿಗೆ ನಿಷ್ಠುರಳಾದಳು.

ರೊದ್ದಂನಿಂದ ರತ್ನ ಎಂಬ ಹುಡುಗಿ ಆಗತಾನೆ ಕೆಲಸಕ್ಕೆ ಸೇರಿದ್ದಳು. ಮದುವೆಯಾಗಿ ಹಿಂದೂಪುರಕ್ಕೆ ಬಂದು ಆರು ತಿಂಗಳಾಗಿತ್ತಷ್ಟೆ. ಮೂರನೆಯ ದಿನವೂ ಅವಳ ಕೈ ನೀರಿನಿಂದ ಹಿಂದಕ್ಕೆ ಹಾರುತ್ತಿತ್ತು. ಸೂಪರ್‌ವೈಜರು ಮೂಗಿಗೆ ಕರವಸ್ತ್ರ ಹಿಡಿದು ಬಂದು ನಿಂತರು.

"ಏನ್ ಲಕ್ಷ್ಮಕ್ಕ, ನಿನ್ ಪಕ್ಕದೋಳು ನೀರು ನೋಡ್ಕಂಡು ಕೂತವ್ಳೆ? ಕಾಶೀಗೆ ಬಂದವ್ಳಾ?"

ಹತ್ತಾರು ಜನ ನಕ್ಕರು. ದೊಡ್ಡಮ್ಮ ಎದ್ದಳು. ರತ್ನಳ ಮಣಿಕಟ್ಟು ಹಿಡಿದಳು. "ಚೈನಾದೋರು ನಗ್ತಾ ಹಾಕ್ತಾರೆ ಕಣೆ, ನಿಂದೇನು ಮಹಾ" ಎಂದು ಆ ಕೈಯನ್ನು ಬೇಸಿನ್ನಿನೊಳಗೆ ಒತ್ತಿದಳು. ಎಳೆಯ ತುದಿ ಸಿಗುವವರೆಗೆ ಬಿಡಲಿಲ್ಲ. ತುದಿ ಸಿಕ್ಕಿತು. "ನೋಡ್ದಾ, ಆಯ್ತಲ್ಲ" ಎಂದರು ಸೂಪರ್‌ವೈಜರು, ಮತ್ತು ಚೀಟಿಯಲ್ಲಿ ಗಂಟೆ ಬರೆದರು.

ಬೊಬ್ಬೆ ಎದ್ದವು, ಒಡೆದವು. ಒಡೆದ ಬೊಬ್ಬೆಯ ಮೇಲೆ ಮತ್ತೆ ಅದೇ ನೀರು. ಮನೆಗೆ ಹೋದರೆ ಕೆಲಸ ಹೋಗುತ್ತದೆಂದು ಅವಳು ಇನ್ನೂ ಎರಡು ವಾರ ಬಂದಳು. ಕೊನೆಗೆ ಕೈ ಕೀವುಗಟ್ಟಿ ಜ್ವರ ಬಂದು ಬೇಸಿನ್ನಿನ ಪಕ್ಕದಲ್ಲೇ ಬಿದ್ದಳು. ಆಗ ಸಂಘದ ಜೀಪಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದವರು ಇದೇ ಸೂಪರ್‌ವೈಜರು. ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕಾದರು. ಬ್ರೆಡ್ಡು, ಎಳನೀರು ತಂದುಕೊಟ್ಟರು. ಈ ಕರುಣೆಯನ್ನು ನಾನು ಮರೆಮಾಚುವುದಿಲ್ಲ. ಅದು ನಿಜವಾದ ಕರುಣೆಯೇ ಆಗಿತ್ತು, ಮತ್ತು ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ರತ್ನಳ ಬಲಗೈಯ ಮೂರು ಬೆರಳು ಒಳಕ್ಕೆ ಮಡಿಸಿಕೊಂಡವು, ಮತ್ತೆ ಬಿಚ್ಚಲಿಲ್ಲ. ಅವಳು ಗಂಡನೊಂದಿಗೆ ರೊದ್ದಂಗೆ ಮರಳಿದಳು. ಶೆಡ್ಡಿನಲ್ಲಿ ಅವಳ ನಂಬರು ಇನ್ನೊಬ್ಬಳಿಗೆ ಹೋಯಿತು.

ನಿವೃತ್ತಿಯ ದಿನ ಸೂಪರ್‌ವೈಜರು ಆಲ್ಬಮ್ಮನ್ನು ಸಂಘಕ್ಕೆ ಕಾಣಿಕೆಯಾಗಿ ಕೊಟ್ಟು, ಕಲ್ಯಾಣದುರ್ಗದ ಮಗಳ ಮನೆಗೆ ಹೋದರು.

ಓದು ಮುಗಿಸಿ ಊರಿಗೆ ಬಂದ ನಾನು, ಬಿಚ್ಚಾಣಿಕೆಯ ಹೆಂಗಸರ ಬಗ್ಗೆ ಬರೆಯಬೇಕೆಂದು ಸಂಘದ ಕಚೇರಿಯಲ್ಲಿ ಹಳೆಯ ವರದಿಗಳನ್ನು ಕೇಳಿದೆ. ಶಾಂಘೈ ವರದಿಯೂ ಆಲ್ಬಮ್ಮೂ ಒಂದೇ ಬೀರುವಿನಲ್ಲಿ, ಒಂದರ ಮೇಲೊಂದು ಕೂತಿದ್ದವು. ವರದಿ ಹೇಳುತ್ತದೆ: 'ಮೂರನೆಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಿಚ್ಚಾಣಿಕೆ ಗಿರಣಿಯ ವೀಕ್ಷಣೆ. ಮಹಿಳೆಯರು ಬರಿಗೈಯಿಂದಲೇ ಎಳೆ ಹಿಡಿಯುತ್ತಾರೆ. ಯಾವುದೇ ತಕರಾರು ಇರುವುದಿಲ್ಲ.' ಆಲ್ಬಮ್ಮಿನಿಂದ ಒಂದು ಚಿತ್ರ ಜಾರಿ ಬಿತ್ತು. ಹಿಂಬದಿಯಲ್ಲಿ ಆ ಮುತ್ತಿನಂಥ ಅಕ್ಷರ. ಲಡಿಗೆ ಚೀಟಿ ಬರೆದಂತೆಯೇ ಅವರು ಪ್ರತಿ ಚಿತ್ರಕ್ಕೂ ನಂಬರು, ತಾರೀಖು, ಗಂಟೆ ಬರೆದಿದ್ದರು. ವರ್ಷಗಟ್ಟಲೆಯ ರೂಢಿ. ಕೈ ತನ್ನಷ್ಟಕ್ಕೆ ಬರೆದಿರಬೇಕು. ನನ್ನ ಕೈಗೆ ಬಂದದ್ದು ಹತ್ತೊಂಬತ್ತನೆಯದು: ಮೂರನೆಯ ದಿನ, ಬೆಳಿಗ್ಗೆ ಹತ್ತೂವರೆ, ಗೋಪುರದ ಮೇಲೆ. ಇಪ್ಪತ್ತನೆಯದನ್ನು ತಿರುಗಿಸಿದೆ: ಅದೇ ದಿನ, ಹನ್ನೊಂದೂ ಕಾಲು, ಗೋಪುರದ ಕೆಳಗೆ. ಇಪ್ಪತ್ತೊಂದು: ಹನ್ನೆರಡು, ನದಿ ದಂಡೆಯ ಬೆಂಚು. ಮೂವತ್ತಾರರ ರೋಲಿನಲ್ಲಿ ಆ ಹತ್ತೂವರೆಗೆ ಇನ್ನೂ ಹದಿನೇಳು ಚಿತ್ರಕ್ಕೆ ಜಾಗವಿತ್ತು.

ಹತ್ತೊಂಬತ್ತನೆಯ ಚಿತ್ರವನ್ನು ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಅವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ನಿಜವಾಗಿಯೂ ಹಿಗ್ಗಿದರು. "ರಾ ತಲ್ಲೀ, ರಾ! ಲಕ್ಷ್ಮಕ್ಕನ ಹುಡ್ಗಿ ಅಲ್ವಾ ನೀನು? ಎಂಎ ಮಾಡ್ಬುಟ್ಟೆಯಂತೆ!" ಎಂದು ಕೂರಿಸಿದರು. ಅವರ ಮಗಳು ಟೀ ಕೊಟ್ಟು ಒಳಗೆ ಹೋದರು. ನಾನು ಚಿತ್ರವನ್ನು ಅವರ ಮುಂದಿಟ್ಟೆ.

"ಇದು ಎಷ್ಟು ಗಂಟೆಗೆ ತೆಗೆದದ್ದು ಸಾರ್?"

"ಹಿಂದೆ ಬರ್ದಿರ್ತೀನಿ ನೋಡು." ತಿರುಗಿಸಿ ತಾವೇ ಓದಿದರು. ಮುಖ ಬೆಳಗಿತು.

"ಅದೇ ಹೊತ್ತಿಗೆ ನೀವು ಗಿರಣಿಯಲ್ಲೂ ಇದ್ದಿರಿ. ವರದಿಯಲ್ಲಿದೆ."

ಅವರು ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ನಕ್ಕರು. ಸಿಕ್ಕಿಬಿದ್ದವನ ನಗುವಲ್ಲ, ಚೀಟಿಯ ಲೆಕ್ಕ ಸರಿಯಾಗಿ ಹೇಳಿದ ಹುಡುಗಿಯನ್ನು ಮೆಚ್ಚಿದ ಮೇಷ್ಟರ ನಗು.

"ಬಸ್ಸು ಬಂತು ಕಣಮ್ಮ ಹೋಟ್ಲು ಮುಂದಕ್ಕೆ, ಗಿರಣೀಗೆ ಕರ್ಕೊಂಡು ಹೋಗಾಕೆ. ಗಿರಣಿ ಕಡೆಯೋನೊಬ್ಬ ಇಳ್ದು ಕೈ ಕುಲುಕ್ದ. ಅವನ ಮೈಮೇಲೆ ಅದೇ ವಾಸ್ನೆ. ಅದೇ ಬೆಂದ ಹುಳದ್ದು. ಇಪ್ಪತ್ತು ಇಪ್ಪತ್ತೈದು ವರ್ಷ ಉಂಡಿದೀನಿ ಆ ವಾಸ್ನೆನ. ಹೊಟ್ಟೆನೋವು ಅಂದೆ, ಹಿಂದಕ್ಕೆ ಬಂದ್ಬುಟ್ಟೆ. ಬಸ್ಸು ಹೋಯ್ತು. ಒಂದು ಗಳಿಗೆ ಬಿಟ್ಟು ನಾನೂ ಹೊಂಟೆ, ಒಬ್ನೇ."

"ಎಲ್ಲಿಗೆ?"

"ಎಲ್ಲಿಗೆ ಅಂತ ಗೊತ್ತಿದ್ರೆ ತಾನೇ! ಜನ ಹೋಗೋ ಕಡೀಗೆ ಹೋದೆ."

ಆ ದಿನದ ಬಗ್ಗೆ ಅವರು ಹೇಳಿದ್ದು, ಅವರು ಹೇಳಿದ ಶಾಂಘೈಗಳಲ್ಲೆಲ್ಲ ಅತ್ಯಂತ ಸುಂದರವಾಗಿತ್ತು. ಇದನ್ನು ಒಪ್ಪಿಕೊಳ್ಳದೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಕಿರಿದಾದ ಓಣಿಯಲ್ಲಿ ಎರಡು ಮನೆಗಳ ನಡುವೆ ಬಿದಿರಿನ ಗಳಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆಗಳ ಕೆಳಗೆ ಅವರು ತಲೆ ಬಗ್ಗಿಸಿ ನಡೆದರು. ಮುದುಕನೊಬ್ಬ ಪಂಜರದ ಹಕ್ಕಿಯನ್ನು ಮರಕ್ಕೆ ತೂಗುಹಾಕಿ, ಅದು ಹಾಡುವುದನ್ನು ಕಾಯುತ್ತ ಕೂತಿದ್ದ. ಅವರೂ ಪಕ್ಕದಲ್ಲಿ ಕೂತರು. ಆತ ಏನೋ ಕೇಳಿದ, ಇವರು ಕನ್ನಡದಲ್ಲಿ ಉತ್ತರ ಕೊಟ್ಟರು, ಇಬ್ಬರೂ ತಲೆಯಾಡಿಸಿದರು. ದೋಣಿಯಲ್ಲಿ ನದಿ ದಾಟಿ ಗೋಪುರ ಹತ್ತಿ, ಗುರುತಿಲ್ಲದ ಯಾರಿಗೋ ಕ್ಯಾಮೆರಾ ಕೊಟ್ಟು ಫೋಟೋ ತೆಗೆಸಿಕೊಂಡರು. ಕೆಳಗೆ ನಗರ, ಮೇಲೆ ಗಾಳಿ. ಯಾರೂ ಅವರನ್ನು ಸಾರ್ ಎನ್ನುತ್ತಿರಲಿಲ್ಲ, ಯಾವುದಕ್ಕೂ ಅವರ ರುಜು ಬೇಕಿರಲಿಲ್ಲ. "ಕರ್ಚೀಪು ಜೇಬಿಂದ ತೆಗೀಲೇ ಇಲ್ಲ ಕಣಮ್ಮ ಅವತ್ತು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಕೇಳುತ್ತ ಕೇಳುತ್ತ ನಾನೂ ಆ ಗೋಪುರದ ಮೇಲೆ ನಿಂತುಬಿಟ್ಟಿದ್ದೆ. ಅಲ್ಲಿಂದ ಇಳಿಯಲು ನನಗೆ ರತ್ನಳ ಕೈ ನೆನೆಯಬೇಕಾಯಿತು.

"ಗಿರಣಿ ನೋಡಲಿಲ್ಲವೆಂದು ಬರೆಯಬಹುದಿತ್ತಲ್ಲ?"

"ಅಷ್ಟು ದೂರ ಹೋಗಿ ಬಿಸಿನೀರು ನೋಡ್ಬೇಕಿತ್ತಾ ನಾನು? ಬಿಸಿನೀರು ಹಿಂದೂಪುರದಾಗೇ ಐತಲ್ಲ!" ಎಂದವರು ದನಿ ತಗ್ಗಿಸಿದರು. "ನೋಡಿಲ್ಲ ಅಂದ್ರೆ ಕಳ್ಸಿದೋರು ಬಿಡ್ತಾರಾ?"

"ಸರಿ, ಸುಳ್ಳೇ ಬರೆಯಬೇಕಾಗಿತ್ತು. ಹಾಗಾದರೆ ಅಲ್ಲಿಯವರು ಕೈ ಹಾಕುವುದಿಲ್ಲವೆಂದು ಯಾಕೆ ಬರೆಯಲಿಲ್ಲ? ಅದೂ ನೋಡದೆ ಬರೆದದ್ದೇ ಆಗುತ್ತಿತ್ತು. ಯಂತ್ರವಾದರೂ ಬರುತ್ತಿತ್ತು."

ಅವರು ಬಹಳ ಹೊತ್ತು ಯೋಚಿಸಲಿಲ್ಲ. ಹೊಸಬಳಿಗೆ ಕೆಲಸ ಹೇಳಿಕೊಡುವಂತೆ, ತಾಳ್ಮೆಯಿಂದ ವಿವರಿಸಿದರು.

"ಆ ಸುಳ್ಳಿಗೆ ಕೆಲ್ಸ ಜಾಸ್ತಿ ತಲ್ಲೀ. ಯಂತ್ರ ಬೇಕು ಅಂದ್ರೆ ಹತ್ತು ಜನ ಕೇಳ್ತಾರೆ. ಯಾವ ಯಂತ್ರ, ಎಲ್ಲಿ ನೋಡ್ದೆ, ಎಷ್ಟು ಕುಂಚ ಅಂತ. ಸಿಕ್ಕಾಕ್ಕೊಂತೀನಿ. ಬರಿಗೈ ಅಂದ್ರೆ ಎಲ್ಲಾ ಮೊದ್ಲಿದ್ದಂಗೇ ಇರ್ತೈತೆ. ಇದ್ದಂಗೇ ಇರೋದನ್ನ ಯಾರೂ ಚೆಕ್ ಮಾಡಲ್ಲ."

ನಾನು ಏಳು ವರ್ಷ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಲಿತೆ. ಈ ದೇಶದ ಕಡತಗಳು ಹೇಗೆ ನಡೆಯುತ್ತವೆಂದು ಇಷ್ಟು ಸ್ಪಷ್ಟವಾಗಿ ಅಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

"ಗಿರಣಿಗೆ ಹೋಗಿರಲಿಲ್ಲವೆಂದು ಎರಡು ಸಾಲು ಬರೆದು ರುಜು ಹಾಕಿಕೊಡಿ ಸಾರ್. ಅರ್ಜಿಯನ್ನು ಸಂಘ ಮತ್ತೆ ತೆರೆಯಬೇಕಾಗುತ್ತದೆ. ಇವತ್ತಿಗೂ ಅವರು ಬರಿಗೈಯನ್ನೇ ಹಾಕುತ್ತಿದ್ದಾರೆ."

"ಬರ್ದುಕೊಡ್ತೀನಿ. ಯಾಕೆ ಕೊಡ್ಬಾರ್ದು? ಮುಂದಿನ ವಾರ ಬಾ. ಫೋಟೋ ಇಲ್ಲೇ ಬಿಟ್ಟೋಗು, ಇದ್ರ ಹಿಂದೇನೇ ಬರೀತೀನಿ."

ಬಿಟ್ಟುಬಂದೆ. ಈ ದಡ್ಡತನಕ್ಕೆ ನಾನೇ ಹೊಣೆ. ಮುಂದಿನ ವಾರ ಹೋದಾಗ ಅವರು ಲಕೋಟೆಯೊಂದನ್ನು ಕೈಗಿಟ್ಟು, "ನೆನಪಿಗಿರ್ಲಿ, ಇಟ್ಕೊ" ಎಂದರು. ಒಳಗಿದ್ದದ್ದು ಅದೇ ಚಿತ್ರ. ಹಿಂಬದಿಗೆ ಬಿಳಿಯ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಅಚ್ಚುಕಟ್ಟಿನ ಕೆಲಸ. ಇಪ್ಪತ್ತು, ಇಪ್ಪತ್ತೊಂದನೆಯವು ಸಂಘದ ಆಲ್ಬಮ್ಮಿನಲ್ಲೇ ಇವೆಯೆಂಬುದನ್ನು ಅವರು ಮರೆತಿದ್ದರು. ಅನುಮಾನವಿದ್ದವರು ಹೋಗಿ ತಿರುಗಿಸಿ ನೋಡಬಹುದು.

ಎರಡು ತಿಂಗಳ ಬಳಿಕ ಅವರು ಹೋದರು. ಉಂಡು ಮಲಗಿದವರು ಏಳಲಿಲ್ಲವಂತೆ. ಪುಣ್ಯವಂತನ ಸಾವು ಎಂದು ಊರೆಲ್ಲ ಹೇಳಿತು.

ನಾನು ವರದಿಯನ್ನೂ ಆಲ್ಬಮ್ಮನ್ನೂ ಅಧ್ಯಕ್ಷರ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟೆ. ಅವರು ಎರಡನ್ನೂ ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಸತ್ತೋರ ಮೇಲೆ ಯಾಕಮ್ಮ ಈಗ? ವರದೀನ ತಿದ್ದೋಕೆ ಬರ್ದೋರೇ ಬೇಕು. ಅವ್ರೇ ಇಲ್ವಲ್ಲ" ಎಂದರು. ಸೂಪರ್‌ವೈಜರು ಬದುಕಿದ್ದಾಗ ಕೇಳಿದ್ದರೆ 'ದೊಡ್ಡೋರ ಮೇಲೆ ಯಾಕಮ್ಮ' ಎನ್ನುತ್ತಿದ್ದರು. ಪ್ರಶ್ನೆಗೆ ತಕ್ಕ ಕಾಲ ನಮ್ಮಲ್ಲಿ ಎಂದೂ ಬರುವುದಿಲ್ಲ. ಮೊದಲು ಅದು ಉದ್ಧಟತನ, ಆಮೇಲೆ ಅದು ಅಪಚಾರ. ಆ ವರದಿಯನ್ನು ನಂಬಿ ಅರ್ಜಿಯ ಮೇಲೆ ಷರಾ ಬರೆದವರು ಯಾರೂ ಸತ್ತಿಲ್ಲ. ಅವರಲ್ಲಿ ಇಬ್ಬರು ಈ ಸಂಚಿಕೆಯ ಸಂಪಾದಕ ಮಂಡಲಿಯಲ್ಲಿದ್ದಾರೆ. ಅವರಿಗೆ ಈ ಪುಟದಲ್ಲೇ ಕೇಳುತ್ತೇನೆ: ನೋಡದೆ ಬರೆದವನಿಗೂ, ಕೇಳದೆ ನಂಬಿದವರಿಗೂ ನಡುವೆ ಎಷ್ಟು ದೂರ?

ರುಜು ಸಿಕ್ಕಮೇಲೆ ಹೇಳೋಣವೆಂದು ದೊಡ್ಡಮ್ಮನಿಗೆ ಅಲ್ಲಿಯವರೆಗೆ ಏನನ್ನೂ ತಿಳಿಸಿರಲಿಲ್ಲ. ಅಧ್ಯಕ್ಷರ ಕೋಣೆಯಿಂದ ಬಂದ ದಿನ ಎಲ್ಲವನ್ನೂ ಹೇಳಿದೆ. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು, ಕೈ ನಿಂತಿತು.

"ಹೋಗೇ ಇರ್ಲಿಲ್ವಾ ಆವಯ್ಯ?"

"ಹೋಗಿರಲಿಲ್ಲ."

"ನಗ್ತಾರೆ ಅಂದ್ನಲ್ಲ?"

"ಅವರನ್ನು ನೋಡಿಯೇ ಇರಲಿಲ್ಲ ದೊಡ್ಡಮ್ಮ."

ಅವಳು ಅವರನ್ನು ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಜರಡಿಯನ್ನು ಗೋಡೆಗೊರಗಿಸಿ ಕೇಳಿದಳು, "ರೊದ್ದಂಗೆ ಬಸ್ಸು ಎಷ್ಟೊತ್ತಿಗೆ?"

ರತ್ನ ಮನೆಯ ಮುಂದಿನ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಸುತ್ತಿಗೆ ಎಡಗೈಯಲ್ಲಿ, ಮಡಿಸಿಕೊಂಡ ಬಲಗೈಯನ್ನು ಹಣ್ಣು ಅದುಮಿ ಹಿಡಿಯಲು ಮಾತ್ರ ಬಳಸುತ್ತಿದ್ದಳು. ದೊಡ್ಡಮ್ಮನನ್ನು ಗುರುತು ಹಿಡಿಯಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ. "ಬಾ" ಎನ್ನಲಿಲ್ಲ. ದೊಡ್ಡಮ್ಮ ಅಂಗಳದಲ್ಲಿ ನಿಂತೇ ಹೇಳಿದಳು.

"ಆವಯ್ಯ ಹೋಗೇ ಇರ್ಲಿಲ್ಲಂತೆ ಕಣೆ ರತ್ನ. ಸುಳ್ಳು ಹೇಳ್ದ. ಚೈನಾದೋರು ಕೈ ಹಾಕ್ತಾರೆ ಅನ್ನೋದು ಅವ್ನು ಕಂಡಿದ್ದಲ್ಲ. ಆ ಮಾತು ನಂಬ್ಕಂಡು ನಾನು ನಿನ್ನ ಕೈಯ..."

ರತ್ನ ಸುತ್ತಿಗೆ ಕೆಳಗಿಟ್ಟಳು. ನನ್ನನ್ನೊಮ್ಮೆ, ದೊಡ್ಡಮ್ಮನನ್ನೊಮ್ಮೆ ನೋಡಿದಳು.

"ಅವ್ನು ಹೋಗಿದ್ದ ಅಂತಾನೇ ಇಟ್ಕೊ ಅಕ್ಕ. ಅಲ್ಲಿ ಹೆಂಗಸ್ರು ನಗ್ತಾ ನಗ್ತಾನೇ ಕೈ ಹಾಕ್ತಿದ್ರು, ಇವ್ನು ಕಣ್ಣಾರೆ ಕಂಡ್ಬಂದ ಅಂತಾನೇ ಇಟ್ಕೊ. ಆವಾಗ ನೀನು ನನ್ನ ಕೈ ಹಿಡ್ದು ಒತ್ತಿದ್ದು ಸರಿ ಆಯ್ತಿತ್ತಾ?"

ದೊಡ್ಡಮ್ಮ ತನ್ನ ಪಳಗಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಕಲ್ಯಾಣದುರ್ಗಕ್ಕೆ ಎರಡು ಸಲ ಹೋಗಿ, ಚಿತ್ರಗಳ ಬೆನ್ನು ಓದಿ, ಗಂಟೆಗೆ ಗಂಟೆ ತಾಳೆ ಹಾಕಿದ ನಾನು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ.

ರತ್ನ ಎಡಗೈಗೆ ಸುತ್ತಿಗೆ ತೆಗೆದುಕೊಂಡಳು.